ಸ್ಮಶಾನದ ದಾರಿಯ ಅಗಲ

ಸ್ಮಶಾನದ ದಾರಿಗೆ ಎಂಟು ಅಡಿ ಬಿಡಬೇಕೆಂಬ ಷರತ್ತಿನ ಮೇಲೆ ಬಿಲ್ಡರ್ ಕೆಂಪರಾಜುಗೆ ಅಪಾರ್ಟ್‌ಮೆಂಟ್ ಕಟ್ಟುವ ಪರವಾನಗಿ ಸಿಕ್ಕಿತ್ತು. ಅವನು ಮೂರೇ ಅಡಿ ಬಿಟ್ಟು ಗೋಡೆ ಎಬ್ಬಿಸಿದ. ಆ ಷರತ್ತೊಂದನ್ನು ಕಿತ್ತುಹಾಕಿ ಅಂತ ಕೋರ್ಟಿಗೂ ಹೋದ.

ಜಾಗ ನೋಡಲು ಬಂದ ಜಡ್ಜ್ ಸಾಹೇಬರಿಗೆ, "ಮನುಷ್ಯ ನಡೆದುಹೋಗೋಕೆ ಇಷ್ಟು ಸಾಕು ಸಾರ್" ಎಂದ.

ಅಲ್ಲಿ ಸೇರಿದ್ದ ಜನರೊಳಗಿಂದ ಸೊಪ್ಪು ಮಾರುವ ಚಿಕ್ಕತಾಯಮ್ಮ ಮುಂದೆ ಬಂದಳು. ಗೋಡೆಗೆ ಒರಗಿದ್ದ ಖಾಲಿ ಚಟ್ಟವನ್ನು ನಾಲ್ವರ ಹೆಗಲಿಗೆ ಏರಿಸಿ, ಹೋಗ್ರಪ್ಪ ಎಂದಳು. ಅದು ದಾರಿಯ ಬಾಯಲ್ಲೇ ಸಿಕ್ಕಿಕೊಂಡಿತು.

"ನಡೆಯೋರಿಗೆ ಸಾಕು ಸ್ವಾಮಿ. ಈ ದಾರೀಲಿ ಹೋಗೋರು ನಡೆಯಲ್ಲ."

ಜಡ್ಜ್ ಕೆಂಪರಾಜು ಕಡೆ ನೋಡಿದರು.

"ಷರತ್ತು ಹೋದರೆ ಪರವಾನಗಿಯೂ ಹೋಗುತ್ತೆ. ಗೋಡೆ ಒಡೆಸಿ" ಎಂದ ಜಡ್ಜ್, ಅವಳತ್ತ ತಿರುಗಿ ಕೇಳಿದರು: "ಈ ಚಟ್ಟ ಯಾರದಮ್ಮ?"

"ನಮ್ಮೆಜಮಾನ್ರದು. ಮೊನ್ನೆನೂ ಇಲ್ಲೇ ಸಿಕ್ಕಿಕೊಳ್ತು. ನನ್ನ ಮೈದುನ ಅವರನ್ನ ಮೂಟೆ ಥರ ಬೆನ್ನ ಮೇಲೆ ಹೊತ್ಕೊಂಡು ಹೋದ."