ಸೋರುವ ಚೀಲಗಳು

ಹೊಳೆದಂಡೆಯ ಮಠದಲ್ಲಿ ಊಟಕ್ಕೆ ಮೂರು ಸಾಲು ಕೂಡುತ್ತಿದ್ದವು. ಮೊದಲ ಎರಡು ಸಾಲಿಗೆ ರೊಟ್ಟಿ ಸಿಗುತ್ತಿತ್ತು. ಮೂರನೆಯ ಸಾಲಿಗೆ ಕೆಲವು ದಿನಗಳಿಂದ ಬರೀ ಅಂಬಲಿ.

ಆ ಅಂಬಲಿಯೂ ದಿನದಿಂದ ದಿನಕ್ಕೆ ನೀರಾಗುತ್ತಿತ್ತು. ಒಬ್ಬ ಮುದುಕ ಬಟ್ಟಲನ್ನು ಎತ್ತಿ ಹಿಡಿದು, ಇದರಲ್ಲಿ ನನ್ನ ಮುಖ ಕಾಣುತ್ತದೆ, ಜೋಳ ಮಾತ್ರ ಕಾಣುವುದಿಲ್ಲ ಎಂದ. ಸಾಲಿನವರು ನಕ್ಕರು. ಬಡಿಸುತ್ತಿದ್ದ ಮುರಿಗೆಪ್ಪನಿಗೆ ನಗು ಬರಲಿಲ್ಲ.

ಮುರಿಗೆಪ್ಪ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಪೇಟೆಯ ಜೋಳದ ಅಂಗಡಿಯೊಂದರಲ್ಲಿ ದುಡಿದವನು. ಚೀಲ ಎತ್ತಿದರೆ ತೂಕ ಹೇಳುತ್ತಿದ್ದ. ಕಾಳು ಕಚ್ಚಿದರೆ ಯಾವ ಸೀಮೆಯದೆಂದು ಹೇಳುತ್ತಿದ್ದ. ಕಾವಿ ಉಟ್ಟ ಮೇಲೂ ಆ ಕೈ, ಆ ಹಲ್ಲು ಹಾಗೇ ಇದ್ದವು. ಅವುಗಳ ಜೊತೆಗೆ ಅನುಮಾನವೂ ಇತ್ತು.

ಪೇಟೆಯ ಸಾವುಕಾರ ಸಂಗನಬಸಪ್ಪ ಪ್ರತಿ ಗುರುವಾರ ಮಠಕ್ಕೆ ಹತ್ತು ಚೀಲ ಜೋಳ ಕಳಿಸುತ್ತಿದ್ದ. ಮೂರು ಗುರುವಾರಗಳಿಂದ ಹತ್ತಕ್ಕೆ ಹತ್ತೂ ಹಗುರ.

ಮುರಿಗೆಪ್ಪ ಮೊದಲು ಅಡುಗೆಯ ಶಿವಲಿಂಗವ್ವನ ಮೇಲೆ ಕಣ್ಣಿಟ್ಟ. ಎರಡನೆಯ ದಿನಕ್ಕೇ ಅವಳಿಗೆ ಅದು ತಿಳಿಯಿತು. ಎಲ್ಲರೆದುರು ಸೆರಗು ಕೊಡವಿ ತೋರಿಸಿ, ಇನ್ನೇನು ನೋಡುವುದಿದೆ ಎಂದು ಕೇಳಿದಳು. ಅವನು ತಲೆ ತಗ್ಗಿಸಿಕೊಂಡು ಉಗ್ರಾಣ ಸೇರಿದ.

ಅಲ್ಲಿ ಚೀಲಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಪ್ರತಿ ಚೀಲದ ತಳದ ಮೂಲೆಯಲ್ಲೂ ಒಂದು ತೂತು. ಕುಲುಕಿದರೆ ಒಂದೊಂದೇ ಕಾಳು ಜಾರುವಷ್ಟು.

ಇಲಿ ಕಡಿದಿದ್ದರೆ ನಾರು ಹರಿದಿರಬೇಕಿತ್ತು. ಇಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಯಾರೋ ಚೀಲ ಹೊಲಿಯುವ ದಬ್ಬಣ ತೂರಿಸಿ, ಎಳೆಗಳನ್ನು ಸರಿಸಿ, ನಾಜೂಕಾಗಿ ದಾರಿ ಮಾಡಿದ್ದರು.

ಅವನು ಗಾಡಿ ಹೊಡೆಯುವ ದಾವಲಸಾಬನನ್ನು ಹಿಡಿದು ಕೇಳಿದ. ದಾವಲಸಾಬ ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡ.

"ಚೀಲಾ ಏರಸ್ತೇನಿ, ಇಳಸ್ತೇನಿ. ನಡುವ ಅವು ಏನ್ ಮಾಡ್ತಾವ ಅಂತ ಹಿಂದ ತಿರಗಿ ನೋಡಿದ್ರ ನನ್ನ ಎತ್ತು ಗಟಾರಕ್ಕ ಹೋಗ್ತಾವ್ರಿ ಅಣ್ಣಾರ."

ಇಷ್ಟು ಸಿದ್ಧವಾಗಿ ಉತ್ತರ ಕೊಡುವವನನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಮುರಿಗೆಪ್ಪನೂ ನಂಬಲಿಲ್ಲ.

ಮಠದ ಗುರುವನ್ನು ಊರೆಲ್ಲ ಅಜ್ಜ ಎಂದೇ ಕರೆಯುತ್ತಿತ್ತು. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ತಾಟು ತಾವೇ ತಿಕ್ಕುತ್ತಿದ್ದರು.

"ಅಜ್ಜಾರ, ಯಾರೋ ಮಠದ ಜೋಳಾ ಕದಿಯಾಕತ್ತಾರ್ರಿ."

"ಎಲ್ಲಿ?"

"ಚೀಲಕ್ಕ ಎರಡು ಸೇರು ಹೋಗಾಕತ್ತೇತ್ರಿ."

"ಎಷ್ಟು ಅಂತ ಕೇಳಲಿಲ್ಲ. ಎಲ್ಲಿ ಅಂತ ಕೇಳಿದೆ."

ಮುರಿಗೆಪ್ಪನಿಗೆ ಸಿಟ್ಟು ಬಂತು. ದಾರಿಯಲ್ಲಿ ಎಲ್ಲಿ ಸೋರಿದರೇನು, ಸೋರಿದ್ದು ಸೋರಿತು. ಮೂರನೆಯ ಸಾಲಿನ ಹೊಟ್ಟೆಗೆ ಜಾಗದ ಲೆಕ್ಕ ಏಕೆ? ಹೀಗಂದುಕೊಂಡು ಉಗ್ರಾಣಕ್ಕೆ ಮರಳಿದ.

ಬುಧವಾರ ಅವನು ಸೇತುವೆ ದಾಟಿ ಪೇಟೆಗೆ ಹೋದ. ಕೈಯಲ್ಲಿ ದಬ್ಬಣ, ಬಗಲಲ್ಲಿ ಒಂದು ಉಂಡೆ ಸುತಳಿ. ಸಂಗನಬಸಪ್ಪನ ಅಂಗಡಿಯಲ್ಲಿ ಮರುದಿನದ ಹತ್ತು ಚೀಲ ಸಾಲಾಗಿ ನಿಂತಿದ್ದವು, ಹತ್ತಕ್ಕೂ ಮೂಲೆಯಲ್ಲಿ ತೂತು. ಮುರಿಗೆಪ್ಪ ಯಾರನ್ನೂ ಕೇಳದೆ ಕೂತು, ಒಂದೊಂದು ಮೂಲೆಗೂ ಮೂರು ಮೂರು ಹೊಲಿಗೆ ಹಾಕಿದ.

ಸಾವುಕಾರ ಗಾದಿಯ ಮೇಲಿಂದ ನೋಡುತ್ತಿದ್ದ. ಬೇಡವೆನ್ನಲಿಲ್ಲ. ಹೊಲಿಗೆ ಮುಗಿದ ಮೇಲೆ ಕೈ ಚಲೋ ಐತಿ ಎಂದು ಹೊಗಳಿದ.

"ಈ ತೂತು ಮಾಡಿದವರು ಯಾರ್ರಿ ಸಾವುಕಾರ್ರ?"

"ನಿಮ್ಮ ಅಜ್ಜಾರನ್ನ ಕೇಳಪಾ."

ಮುರಿಗೆಪ್ಪ ಸೇತುವೆಯ ಮೇಲೆ ಬಹಳ ಹೊತ್ತು ನಿಂತ. ಅಡುಗೆಯವಳನ್ನು ಅನುಮಾನಿಸುವುದು ಸುಲಭ. ಗಾಡಿಯವನನ್ನು ಅನುಮಾನಿಸುವುದು ಇನ್ನೂ ಸುಲಭ. ತಾನು ಯಾರ ಕಾಲು ಮುಟ್ಟಿದನೋ ಅವರನ್ನೇ ಅನುಮಾನಿಸುವಾಗ ಮನುಷ್ಯನಿಗೆ ತನ್ನ ಮೇಲೂ ನಂಬಿಕೆ ಹೋಗುತ್ತದೆ. ಅಜ್ಜ ಯಾರಿಗೋ ಗುಟ್ಟಾಗಿ ಜೋಳ ದಾಟಿಸುತ್ತಿದ್ದಾರೆಯೇ? ಎಲ್ಲೋ ಒಂದು ಸಂಸಾರ ಸಾಕುತ್ತಿದ್ದಾರೆಯೇ? ಅವತ್ತು ಸಂಜೆ ಪಾದಕ್ಕೆ ನಮಸ್ಕರಿಸುವಾಗ ಅವನು ಮುಖ ನೋಡಲಿಲ್ಲ.

ಗುರುವಾರದ ಚೀಲಗಳು ತುಂಬಿಕೊಂಡೇ ಬಂದವು. ವಾರವೆಲ್ಲ ಮೂರನೆಯ ಸಾಲಿಗೆ ರೊಟ್ಟಿ ಬಿತ್ತು. ಬಟ್ಟಲಲ್ಲಿ ಮುಖ ಕಂಡಿದ್ದ ಮುದುಕ ಎರಡು ರೊಟ್ಟಿ ತಿಂದು, ಮೂರನೆಯದನ್ನು ಮುರಿಗೆಪ್ಪನ ಕೈಯಿಂದಲೇ ಕಸಿದುಕೊಂಡ. ಮುರಿಗೆಪ್ಪ ಎದೆಯುಬ್ಬಿಸಿ ಓಡಾಡಿದ.

ಅಜ್ಜ ಕರೆದರು.

"ಈಗ ಎಲ್ಲಿ ಸೋರತೈತಿ?"

"ಎಲ್ಲಿಯೂ ಇಲ್ರಿ."

"ಹಂಗಾರ ಬರೋ ಗುರುವಾರ ನೀನೂ ಗಾಡಿ ಮ್ಯಾಲ ಕುಂತು ಬಾ."

ಆ ಗುರುವಾರದ ಚೀಲಗಳಿಗೂ ಮುರಿಗೆಪ್ಪ ಮುನ್ನಾದಿನವೇ ಹೊಲಿಗೆ ಹಾಕಿ ಬಂದಿದ್ದ. ಸೂರ್ಯ ಏರುವ ಹೊತ್ತಿಗೆ ಗಾಡಿ ಹೊರಟಿತು. ದೊಡ್ಡ ಬೀದಿ ಬಿಟ್ಟು ದಾವಲಸಾಬ ಎಡಕ್ಕೆ ಹೊರಳಿಸಿದ. ಅದು ಸುತ್ತುದಾರಿ. ಮುರಿಗೆಪ್ಪ ಮನಸ್ಸಿನಲ್ಲೇ, ಸಿಕ್ಕಿಬಿದ್ದ ನೋಡು ಎಂದುಕೊಂಡ.

ಅದು ನೇಕಾರರ ಓಣಿ. ಒಂದು ಕಾಲಕ್ಕೆ ಮಗ್ಗದ ಸಪ್ಪಳದಲ್ಲಿ ಮಾತು ಕೇಳದಂಥ ಓಣಿ. ಇವತ್ತು ಎತ್ತಿನ ಗೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು.

ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು ಕಸಬರಿಗೆ ಹಿಡಿದು ನಿಂತಿದ್ದಳು. ಗಾಡಿ ದಾಟಿದ ಕೂಡಲೇ ಅಂಗಳ ಗುಡಿಸತೊಡಗುತ್ತಿದ್ದಳು. ಬೆಳಗಿನ ಹೊತ್ತು ಯಾವ ಓಣಿಯಲ್ಲೂ ಕಾಣುವ ಕೆಲಸ. ಆದರೆ ಇಲ್ಲಿ ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದರು. ಬಗ್ಗಿ ನೋಡುತ್ತಿದ್ದರು. ಮತ್ತೆ ಗುಡಿಸುತ್ತಿದ್ದರು. ಏಳುತ್ತಿದ್ದದ್ದು ಬರೀ ಧೂಳು.

ಕೋಳಿಗೆ ಕಾಳು ಆರಿಸುತ್ತಿರಬೇಕು ಎಂದು ಮುರಿಗೆಪ್ಪ ಯೋಚಿಸಿದ. ಓಣಿಯ ಉದ್ದಕ್ಕೂ ಕಣ್ಣಾಡಿಸಿದ. ಒಂದು ಕೋಳಿಯೂ ಕಾಣಲಿಲ್ಲ.

ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬ ತೆಳ್ಳನೆಯ ಹೆಂಗಸು ತನ್ನ ಅಂಗಳ ಮುಗಿದರೂ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಮುಂದೆ ಗುಡಿಸಿದಳು, ಅದರಾಚೆ ಗುಡಿಸಿದಳು. ಮನೆಗಳು ಮುಗಿದು ಬರೀ ಗೋಡೆ ಉಳಿಯುವವರೆಗೂ ಗಾಡಿಯ ಹಿಂದೆಯೇ ಬಂದಳು. ಆಮೇಲೆ ನಿಂತು, ಚೀಲದ ಮೂಲೆಯ ಹೊಲಿಗೆಯನ್ನು ನೋಡಿದಳು. ಮುರಿಗೆಪ್ಪನನ್ನು ನೋಡಲಿಲ್ಲ.

ಓಣಿ ದಾಟಿದ ಮೇಲೆ ದಾವಲಸಾಬ ತಾನಾಗಿ ಹೇಳಿದ. ನೂಲು ಬರುವುದು ನಿಂತು ಮೂರು ತಿಂಗಳಾಗಿದೆ. ಒಂದು ಮಗ್ಗವೂ ಆಡುತ್ತಿಲ್ಲ. ಗಂಡಸರು ಹಗಲು ಹೊರಗೆ ಬರುವುದಿಲ್ಲ, ಬಂದರೆ ಯಾರಾದರೂ ಉಂಡಿರಾ ಎಂದು ಕೇಳಿಬಿಡುತ್ತಾರೆ ಎಂಬ ಹೆದರಿಕೆ.

ಮಠಕ್ಕೆ ಬಂದು ಸಾಲಿನಲ್ಲಿ ಕೂಡಬಹುದಲ್ಲ, ಯಾರು ಬೇಡ ಅಂದರು ಎಂದು ಮುರಿಗೆಪ್ಪ ಕೇಳಿದ.

"ನಿಮ್ಮ ಮೈಮ್ಯಾಲಿನ ಕಾವಿ ನೇಯ್ದವರು ಅವರು. ವರ್ಷಾ ವರ್ಷಾ ಮಠಕ್ಕ ಬಟ್ಟಿ ಕೊಟ್ಟ ಮಂದಿ ಅದ ಮಠದಾಗ ತಾಟು ಹಿಡಕೊಂಡು ಕುಂದರ್ತಾರೇನ್ರಿ? ತಮ್ಮ ಅಂಗಳಾ ತಾವು ಗುಡಿಸಿದ್ರ ಅದಕ್ಕ ಯಾರೂ ಹೆಸರಿಡೂದಿಲ್ಲ."

ಮುರಿಗೆಪ್ಪನಿಗೆ ಅರ್ಥವಾಯಿತು. ವ್ಯಾಪಾರಸ್ಥನಿಗೆ ಅರ್ಥವಾಗುವಷ್ಟು, ಅಂದರೆ ಅರ್ಧ. ಸೋರಿಸಿ ಧೂಳಲ್ಲಿ ಹಾಳುಮಾಡುವುದೇಕೆ, ನೇರವಾಗಿ ಬಾಗಿಲಿಗೆ ಮುಟ್ಟಿಸಿದರಾಯಿತು ಎಂದುಕೊಂಡ.

ಅವತ್ತೇ ಮಧ್ಯಾಹ್ನ ಹತ್ತು ಸೇರು ಜೋಳ ಹೊತ್ತು ಓಣಿಯ ಮೊದಲ ಮನೆಗೆ ಹೋದ. ಮನೆಯ ಹಿರಿಯ ಬನಪ್ಪ ಕಂಬಳಿ ಹಾಸಿ ಕೂಡಿಸಿದ. ಜೋಳವನ್ನು ಬುಟ್ಟಿಗೆ ಸುರಿಸಿಕೊಂಡ. ಸ್ವಲ್ಪ ಕೂಡ್ರಿ ಎಂದು ಹೇಳಿ ಒಳಗೆ ಹೋದ. ಒಳಗಿನಿಂದ ಕತ್ತರಿಯ ಸದ್ದು ಬಂತು. ಒಬ್ಬ ಹೆಂಗಸು ಏನೋ ಹೇಳಿ ಅರ್ಧಕ್ಕೇ ಸುಮ್ಮನಾದಳು.

ಬನಪ್ಪ ಮಡಿಚಿದ ಬಟ್ಟೆಯೊಂದನ್ನು ತಂದು ಮುರಿಗೆಪ್ಪನ ಕೈಯಲ್ಲಿಟ್ಟ. ಮಠದಿಂದ ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದು ತಮ್ಮ ಮನೆತನದಲ್ಲಿಲ್ಲ ಎಂದ.

ಮುರಿಗೆಪ್ಪ ದಾರಿಯುದ್ದಕ್ಕೂ ಬಟ್ಟೆ ಮುಟ್ಟಿ ನೋಡಿದ. ಒಳ್ಳೆ ಗಟ್ಟಿ ಬಟ್ಟೆ. ಮತ್ತೆ ಅನುಮಾನ ತಲೆಯೆತ್ತಿತು. ಇಷ್ಟೆಲ್ಲ ಇಟ್ಟುಕೊಂಡವರು ಹಸಿದವರು ಹೇಗಾದಾರು?

ಅಜ್ಜ ಬಟ್ಟೆ ಬಿಚ್ಚಿ ಹಿಡಿದರು. ಒಂದು ಕಡೆ ಅಂಚು ಇತ್ತು, ಇನ್ನೊಂದು ಕಡೆ ನೇಯದ ಎಳೆಗಳು ಮೊಣಕೈಯುದ್ದ ಜೋತಾಡುತ್ತಿದ್ದವು.

"ಬನಪ್ಪ ಕಾಣಿಕೆ ಕೊಟ್ಟಾನ್ರಿ."

"ಕಾಣಿಕೆ ಅಲ್ಲಿದು. ಮಗ್ಗದ ಮ್ಯಾಲಿದ್ದ ಕಡೀ ಬಟ್ಟಿ. ನೂಲು ಬಂದ ದಿವಸ ಇಲ್ಲಿಂದನ ಕೆಲಸಾ ಹಿಡೀಬೇಕಂತ ಕಾದಿಟ್ಟಿದ್ದ. ನೀ ಹತ್ತು ಸೇರು ಕೊಟ್ಟು ಕೊಯ್ಸಿಕೊಂಡು ಬಂದಿ."

"ನಾ ಏನೂ ಕೇಳಲಿಲ್ರಿ."

"ಎದುರಿಗೆ ನಿಂತಿದ್ದಿಯಲ್ಲ."

ಹೊಳೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಮುರಿಗೆಪ್ಪ ಅತ್ತ ನೋಡುತ್ತಲೇ ಕೇಳಿದ.

"ತೂತು ಮಾಡಿದವರು ನೀವೇನ್ರಿ?"

"ಓಣಿಗೆ ಹೆಂಗ ಮುಟ್ಟಸೂದು ಅಂತ ಸಾವುಕಾರ ಕೇಳಿದ. ನಾ ಒಂದು ದಬ್ಬಣಾ ಕೊಟ್ಟೆ."

"ನನಗ ಹೇಳಬಹುದಿತ್ತಲ್ರಿ."

"ಹೇಳಿದ್ದರ ನೀ ಅಳದು ಸುರೀತಿದ್ದಿ."

ಮುರಿಗೆಪ್ಪನಿಗೆ ನಾಚಿಕೆಯಾಯಿತು, ಆದರೆ ಪ್ರಶ್ನೆ ಬಿಡಲಿಲ್ಲ. ಅದು ಬಿಡುವಂಥ ಪ್ರಶ್ನೆಯೂ ಅಲ್ಲ.

"ಓಣಿಗೆ ಸೋರಿದರ ಮೂರನೇ ಸಾಲು ಏನ್ ತಿನ್ನಬೇಕ್ರಿ, ಅಜ್ಜಾರ?"

"ಅದಕ್ಕ ನಿನ್ನ ಉಗ್ರಾಣಕ್ಕ ಇಟ್ಟೇನಿ."

ಅಜ್ಜ ಬಟ್ಟೆಯನ್ನು ಅವನ ಹೆಗಲಿಗೆ ಹಾಕಿದರು. ಅರ್ಧ ನೇಯ್ದದ್ದನ್ನು ಮಠ ಮುಟ್ಟುವುದಿಲ್ಲ, ನೂಲು ಬಂದ ಮೇಲೆ ಪೂರ್ತಿ ಮಾಡಿ ಕೊಡಬೇಕು ಎಂದು ಬನಪ್ಪನಿಗೆ ಹೇಳಿ ಬರಲು ಕಳಿಸಿದರು.

ಬನಪ್ಪ ಬಟ್ಟೆಯನ್ನು ಹಿಂದೆ ತೆಗೆದುಕೊಂಡ. ಮಠದ ಮಾತು ಸರಿಯೆಂದ, ಅರ್ಧ ಬಟ್ಟೆ ಕೊಟ್ಟದ್ದು ತನ್ನದೇ ತಪ್ಪೆಂದ. ಮುರಿಗೆಪ್ಪ ಹೊಸ್ತಿಲು ದಾಟುವಷ್ಟರಲ್ಲಿ ಅವನು ಮಗ್ಗದ ಮುಂದೆ ಕೂತು, ಕತ್ತರಿಸಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕತೊಡಗಿದ್ದ. ನೂರಾರು ಎಳೆ.

ಅಲ್ಲಿಂದ ಮುರಿಗೆಪ್ಪ ನೇರ ಪೇಟೆಗೆ ನಡೆದ.

ಜೋಳ ಕೊಳ್ಳುವವನು ಚೀಲದಲ್ಲಿ ಕೈ ತೂರಿಸಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾನೆ, ನಾಲ್ಕು ಬಾಯಿಗೆ ಹಾಕಿಕೊಳ್ಳುತ್ತಾನೆ, ಉಳಿದದ್ದನ್ನು ಪಕ್ಕಕ್ಕೆ ಚೆಲ್ಲುತ್ತಾನೆ. ಹತ್ತು ಜನ ನೋಡಿದರೆ ಹತ್ತು ಹಿಡಿ. ಸಂಜೆಗೆ ಪ್ರತಿ ಅಂಗಡಿಯ ಮುಂದೆ ಒಂದು ಗುಡ್ಡೆ. ಅದನ್ನು ಬಳಿದು ಮಾಲೀಕನ ಚೀಲಕ್ಕೇ ಸೇರಿಸುವ ಕೆಲಸವನ್ನು ಮುರಿಗೆಪ್ಪ ಹನ್ನೆರಡು ವರ್ಷ ಮಾಡಿದ್ದ. ಈಗ ಅದೇ ಗುಡ್ಡೆಯನ್ನು ಮಠಕ್ಕೆ ಕೊಡಿ ಎಂದು ಕೇಳಿದ.

ಯಾರೂ ಒಪ್ಪಲಿಲ್ಲ. ನೆಲದ ಮೇಲೆ ಒಂದು ಕಾಳು ಬಿಡದವನು ಇವತ್ತು ದಾನದ ಮಾತಾಡುತ್ತಾನೆ, ಹಿಂದೆ ಏನೋ ಇದೆ ಎಂದು ಆಡಿಕೊಂಡರು. ಕೊಟ್ಟದ್ದು ಮಠ ಮುಟ್ಟುತ್ತದೆಂದು ಏನು ಖಾತ್ರಿ ಎಂದು ಒಬ್ಬ ಕೇಳಿದ. ಪಕ್ಕದ ಅಂಗಡಿಯವನು ಕೊಟ್ಟರೆ ನೋಡೋಣ ಎಂದು ಇನ್ನೊಬ್ಬ ಜಾರಿಕೊಂಡ.

ಮುರಿಗೆಪ್ಪ ಅವರಿಗೆ ಪುಣ್ಯದ ಮಾತು ಹೇಳಲಿಲ್ಲ. ಪೇಟೆಯ ಅನುಮಾನ ಅವನಿಗೆ ಗೊತ್ತಿತ್ತು, ಅದನ್ನೇ ದುಡಿಸಿಕೊಂಡ. ಹದಿನೇಳು ಖಾಲಿ ಎಣ್ಣೆ ಡಬ್ಬಿ ತಂದು ಹದಿನೇಳು ಅಂಗಡಿಯ ಮುಂದೆ ಕಟ್ಟೆಯ ಮೇಲಿಟ್ಟ. ಮುಚ್ಚಳವಿಲ್ಲ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಇಣುಕಬಹುದು.

ಮೊದಲ ದಿನ ಮೂರು ಡಬ್ಬಿಗಳಲ್ಲಷ್ಟೇ ಕಾಳು ಬಿತ್ತು. ಎರಡನೆಯ ದಿನ ಉಳಿದವರು ಎದುರಿನ ಡಬ್ಬಿ ನೋಡಿದರು, ತಮ್ಮದನ್ನೂ ನೋಡಿದರು. ಮೂರನೆಯ ದಿನ ಗುಡ್ಡೆಯ ಕಾಳು ಸಾಲದೆ ಒಬ್ಬಿಬ್ಬರು ಚೀಲದಿಂದಲೇ ಎರಡು ಹಿಡಿ ಹಾಕಿದರು. ಬುಧವಾರ ಸಂಜೆಯ ಹೊತ್ತಿಗೆ ಮೂರು ಚೀಲ ತುಂಬಿದವು.

ಗುರುವಾರ ಗಾಡಿಯ ಮೇಲೆ ಹದಿಮೂರು ಚೀಲ ಏರಿದವು. ಆ ದಿನ ಅಜ್ಜ ತಾವೇ ಪೇಟೆಗೆ ನಡೆದು ಬಂದಿದ್ದರು. ಅಂಗಡಿಯವರೆಲ್ಲ ಎದ್ದು ನಿಂತರು. ಸಂಗನಬಸಪ್ಪ ಮಾತ್ರ ಕೂತೇ ಕೈಮುಗಿದ. ಮಂಡಿನೋವಿನವನು.

ಮುರಿಗೆಪ್ಪ ಯಾರಿಗೂ ಕಾಣದಂತೆ ಗಾಡಿಯ ಹಿಂಬದಿಯ ಮರೆಗೆ ನಿಂತು, ಮೊದಲ ಚೀಲದ ಮೂಲೆಗೆ ದಬ್ಬಣ ಹಿಡಿದ. ಸರಿಯಾಗಿ ಕೆಲಸ ಮಾಡಬೇಕೆಂಬ ಹಳೆಯ ಚಟ ಕೈ ತಡೆಯಿತು. ತೀರ ಸಣ್ಣದಾದರೆ ಓಣಿಗೆ ಸಾಲದು. ದೊಡ್ಡದಾದರೆ ಊರೇ ತಿಳಿಯುತ್ತದೆ.

"ತೂತು ಎಷ್ಟು ದೊಡ್ಡದಿರಬೇಕ್ರಿ, ಅಜ್ಜಾರ?"

ಅಜ್ಜ ಚೀಲವನ್ನು ನೋಡಿದರು, ಅವನನ್ನು ನೋಡಿದರು.

"ಉಗ್ರಾಣಕ್ಕ ನಿನ್ನಂಥವ ಇನ್ನೊಬ್ಬ ಬಂದರ, ಅವಗ ಅನುಮಾನ ಬರೂವಷ್ಟು."