ಅಪ್ಪಣೆ ಬೇಡದ ದಾರಿ

“ಗುರುಗಳೇ, ಎದುರು ಪಕ್ಷದವರು ಒಳ್ಳೆಯ ಮನಸ್ಸಿನಿಂದಲೇ ರಾಜಿಗೆ ಬಂದಿದ್ದಾರೆ. ಆಗಲೂ ತೀರ್ಪೇ ಬೇಕೆಂದು ಹಟ ಹಿಡಿಯುವುದು ಸರಿಯೇ?”

ಕೇಳಿದವನು ಹೊಸದಾಗಿ ವಕೀಲಿ ಶುರು ಮಾಡಿದ್ದ ಶಿಷ್ಯ. ಅವನ ಊರಿನಲ್ಲಿ ದಲಿತರಿಗೆ ಸಾರ್ವಜನಿಕ ಬಾವಿಯನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವನು ಕೇಸು ಹಾಕಿದ್ದ. ಈಗ ಊರಿನ ದೊಡ್ಡವರು ಬಂದು, ಕೇಸು ಹಿಂದಕ್ಕೆ ತೆಗೆದುಕೊಂಡರೆ ನಾವಾಗಿಯೇ ಬಾವಿ ಬಿಟ್ಟುಕೊಡುತ್ತೇವೆ ಎಂದಿದ್ದರು. ಗುರುಗಳು ಕಾನೂನು ಕಲಿಸುತ್ತಲೇ ಮುದುಕರಾದವರು. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಊರು. ಊರಿಗೆ ಒಂದೇ ದೊಡ್ಡ ಬೀದಿ. ಬೀದಿಯ ಒಂದು ತುದಿಗೆ ದಲಿತರ ಕೇರಿ, ಇನ್ನೊಂದು ತುದಿಗೆ ಹಳ್ಳ. ಹಳ್ಳಕ್ಕೆ ಸೇತುವೆ ಇತ್ತು. ಸೇತುವೆ ದಾಟಿದರೆ ಸ್ಮಶಾನ. ಬೀದಿಯನ್ನೂ ಸೇತುವೆಯನ್ನೂ ಮಾಡಿಸಿದ್ದು ಸರ್ಕಾರ. ಕೇರಿಯ ಜನ ಕೂಲಿಗೆ ಹೋಗುವಾಗ ಆ ಬೀದಿಯಲ್ಲೇ ನಡೆಯುತ್ತಿದ್ದರು. ಆದರೆ ಕೇರಿಯ ಹೆಣ ಅಲ್ಲಿ ಹೋಗುವಂತಿರಲಿಲ್ಲ. ಅದು ಹೊಲಗಳ ಬದುವಿನ ಮೇಲೆ ಸುತ್ತಿ, ಹಳ್ಳಕ್ಕೆ ಇಳಿದು, ಆಚೆ ದಂಡೆ ಹತ್ತಬೇಕಿತ್ತು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಕೇರಿಯಲ್ಲಿ ದುರುಗಪ್ಪ ಎಂಬ ಕೂಲಿಯವನಿದ್ದ. ಅವನ ಹೆಂಡತಿ ಹೊನ್ನೂರಮ್ಮ. ಒಂದು ಮಳೆಗಾಲದಲ್ಲಿ ದುರುಗಪ್ಪ ಜ್ವರದಿಂದ ಸತ್ತ. ಆಗ ಹಳ್ಳ ತುಂಬಿ ಹರಿಯುತ್ತಿತ್ತು. ಹೆಣ ಹೊತ್ತವರು ಇಳಿಯುವುದು ಸಾಧ್ಯವೇ ಇರಲಿಲ್ಲ.

ಊರಿನ ಗೌಡರು ಕೆಟ್ಟವರಲ್ಲ. ದುರುಗಪ್ಪನಿಗೆ ಜ್ವರ ಏರಿದಾಗ ಆಸ್ಪತ್ರೆಗೆ ಕರೆದೊಯ್ಯಲು ಟ್ರ್ಯಾಕ್ಟರ್ ಕಳಿಸಿದವರು ಅವರೇ. ಕೇರಿಯ ಹಿರಿಯರು ಅವರ ಮನೆಯ ಮುಂದೆ ನಿಂತು, ಇದೊಂದು ಸಲ ಬೀದಿಯಲ್ಲಿ ಹೋಗಲು ಬಿಡಿ ಎಂದು ಕೇಳಿಕೊಂಡರು. ಗೌಡರು ಬೀದಿಯ ಮನೆಮನೆಗೂ ಹೋಗಿ ಕೇಳಿ ಬಂದರು. ಬೀದಿಯವರು ಒಪ್ಪಲಿಲ್ಲ. ಗೌಡರು ನೆಲ ನೋಡುತ್ತಾ, “ನೀರು ಇಳಿಯೋವರೆಗೂ ತಡೀರಿ” ಎಂದರು.

ನೀರು ಇಳಿಯಲಿಲ್ಲ. ಹೆಣವನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕಡೆಗೆ ಹಳ್ಳದ ಈಚೆ ದಂಡೆಯಲ್ಲೇ ಗುಂಡಿ ತೋಡಿ ಮಣ್ಣು ಮಾಡಿದರು. ಮರುದಿನ ಹಳ್ಳ ಮತ್ತೂ ಏರಿತು. ದಂಡೆ ಕುಸಿಯಿತು. ಮಳೆ ನಿಂತ ಮೇಲೆ ಹೊನ್ನೂರಮ್ಮ ಹೋಗಿ ನೋಡಿದಳು. ಅಲ್ಲಿ ಗುಂಡಿಯೂ ಇರಲಿಲ್ಲ, ಗಂಡನೂ ಇರಲಿಲ್ಲ.

ಆ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ವಕೀಲರಿದ್ದರು. ಅವರೂ ಇಂಥದೇ ಕೇರಿಯಲ್ಲಿ ಹುಟ್ಟಿದವರು. ಮೇಷ್ಟರ ಕೆಲಸ ಬಿಟ್ಟು ಕಾನೂನು ಓದಿದವರು. ಎಲ್ಲೋ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದಾರೆ, ಎಲ್ಲೋ ಕ್ಷೌರದಂಗಡಿಯವರು ಕೇರಿಯವರನ್ನು ಕಂಡರೆ ಬಾಗಿಲು ಹಾಕುತ್ತಾರೆ ಎಂದು ಸುದ್ದಿ ಬಂದರೆ ಸಾಕು, ಬಸ್ಸು ಹತ್ತಿ ಹೋಗುತ್ತಿದ್ದರು. ಸಿಟ್ಟಿಗೆದ್ದು ಕಲ್ಲು ಹಿಡಿದವರಿಗೆ, ಕಲ್ಲು ಕೆಳಗಿಡಿ, ಅರ್ಜಿ ಬರೆಯೋಣ ಎನ್ನುತ್ತಿದ್ದರು. ಸಂವಿಧಾನದ ಮೇಲೆ ಅವರಿಗಿದ್ದ ನಂಬಿಕೆಯನ್ನು ಕಂಡು ನಗುವವರೂ ಇದ್ದರು. ಅವರು ಗೆದ್ದ ಕೇಸುಗಳು ಇದ್ದವು. ಗೆದ್ದ ಮೇಲೂ ಯಾರೂ ಪಾಲಿಸದ ಆದೇಶಗಳು ಇದ್ದವು. ಅವುಗಳ ಮಾತು ಬಂದರೆ ತಿಪ್ಪೇಸ್ವಾಮಿ ಮುಂದಿನ ಅರ್ಜಿಯ ಕಾಗದ ಎತ್ತಿಕೊಳ್ಳುತ್ತಿದ್ದರು.

ಹೊನ್ನೂರಮ್ಮ ಅವರನ್ನು ಹುಡುಕಿಕೊಂಡು ಹೋದಳು. ನಡೆದದ್ದನ್ನೆಲ್ಲ ಹೇಳಿ, “ವಕೀಲ್ರೆ, ನಿಮ್ಮ ಪುಸ್ತಕದಾಗೆ ಇದಕ್ಕೆ ಏನಾದ್ರೂ ಐತಾ?” ಎಂದು ಕೇಳಿದಳು.

“ಐತಮ್ಮ” ಎಂದರು ತಿಪ್ಪೇಸ್ವಾಮಿ.

ಅವರು ಹೈಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿ ಹೊನ್ನೂರಮ್ಮನ ಹೆಸರಿನಲ್ಲಿತ್ತು. ಸುದ್ದಿ ತಿಳಿದ ಮೇಲೆ ಊರಿನ ಹೊಲಗಳಲ್ಲಿ ಅವಳಿಗೆ ಕೂಲಿ ನಿಂತಿತು. ಅವಳು ಪಕ್ಕದ ಊರಿಗೆ ಕೆಲಸಕ್ಕೆ ಹೋಗತೊಡಗಿದಳು. ಕೇಸು ನಡೆಯುತ್ತಲೇ ಇತ್ತು. ಇನ್ನೊಂದು ಮಳೆಗಾಲ ಬಂದು ಹೋಯಿತು.

ಒಂದು ದಿನ ಗೌಡರು ತಾವಾಗಿಯೇ ತಿಪ್ಪೇಸ್ವಾಮಿಯವರ ಕಚೇರಿಗೆ ಬಂದರು. ಜೊತೆಗೆ ಕೇರಿಯ ಹಿರಿಯರೂ ಇದ್ದರು. ಹೊನ್ನೂರಮ್ಮನಿಗೂ ಹೇಳಿ ಕಳಿಸಿದ್ದರು. ಅವಳು ಬಂದು ಬಾಗಿಲ ಬಳಿ ನಿಂತಾಗ ಗೌಡರು ಮಾತು ತೆಗೆದರು.

“ನೋಡಮ್ಮ, ಅವತ್ತು ನಡೆದದ್ದು ನನ್ನ ಮನಸಿಂದ ಹೋಗಿಲ್ಲ. ಕೇಸು ವಾಪಸ್ ತಗೋ. ಇನ್ಮೇಲೆ ಕೇರೀಲಿ ಯಾರೇ ತೀರ್ಕೊಂಡ್ರೂ ನನಗೊಂದು ಮಾತು ಹೇಳಿ ಕಳ್ಸಿ. ನಾನೇ ಮುಂದೆ ನಿಂತು ಬೀದೀಲಿ ಕರ್ಕೊಂಡು ಹೋಗ್ತೀನಿ. ಅಡ್ಡ ಬರೋರು ನನ್ನ ದಾಟಿ ಬರ್ಲಿ.”

ಕೇರಿಯ ಹಿರಿಯರ ಮುಖ ಅರಳಿತು. ಗೌಡರು ಆಡಿದ ಮಾತಿಗೆ ತಪ್ಪಿದವರಲ್ಲ. ತಿಪ್ಪೇಸ್ವಾಮಿಯವರಿಗೂ ಅದು ಗೊತ್ತಿತ್ತು. ತೀರ್ಪು ಯಾವಾಗ ಬರುತ್ತದೋ ಹೇಳಲಾಗದು. ಬಂದರೂ ಅದು ಊರಿನೊಳಗೆ ಕಾಲಿಡುತ್ತದೋ ಇಲ್ಲವೋ ಹೇಳಲಾಗದು. ಅವರು ಹೊನ್ನೂರಮ್ಮನಿಗೆ ಎರಡನ್ನೂ ಮುಚ್ಚಿಡದೆ ಹೇಳಿದರು. ಒಪ್ಪಿದರೆ ಸಾಯುವವರಿಗೆ ನಾಳೆಯಿಂದಲೇ ದಾರಿ ಸಿಗುತ್ತದೆ, ತೀರ್ಮಾನ ನಿನ್ನದು ಎಂದರು.

ಹೊನ್ನೂರಮ್ಮ ಗೌಡರ ಕಡೆ ತಿರುಗಿದಳು. ಆಮೇಲೆ ಕೇಳಿದಳು: “ಗೌಡ್ರೆ, ನಿಮ್ಮ ತಂದೆಯೋರು ತೀರ್ಕೊಂಡಾಗ ಆ ಬೀದೀಲಿ ಹೋಗಾಕೆ ಯಾರನ್ನ ಕೇಳಿದ್ರಿ?”

“ಯಾರನ್ನ ಕೇಳೋದು? ಅದು...” ಎಂದು ಶುರು ಮಾಡಿದ ಗೌಡರು ಅಲ್ಲಿಗೇ ನಿಲ್ಲಿಸಿದರು.

“ನಾವೂ ಹಂಗೇ ಹೋಗ್ಬೇಕು” ಎಂದಳು ಹೊನ್ನೂರಮ್ಮ.

ಗೌಡರಿಗೆ ಸಿಟ್ಟು ಬರಲಿಲ್ಲ, ನೋವಾಯಿತು. ಕೊಟ್ಟ ಮಾತನ್ನು ಅವರಿಗೆ ಯಾರೂ ಹಾಗೆ ಹಿಂದಿರುಗಿಸಿರಲಿಲ್ಲ. ಅವರು ಎದ್ದು ಹೊರಟರು. ಕೇರಿಯ ಹಿರಿಯರು ಮಾತ್ರ ಸಿಟ್ಟಾದರು. ಕೈಗೆ ಬಂದದ್ದನ್ನು ಈ ಹೆಂಗಸು ಕೆಡಿಸಿದಳು ಎಂದು ಅವಳ ಹತ್ತಿರ ಮಾತು ಬಿಟ್ಟರು. ಅವಳ ಮೈದುನ ಅವಳ ಮನೆಗೆ ಬರುವುದನ್ನೇ ನಿಲ್ಲಿಸಿದ. ಆ ದಿನಗಳಲ್ಲಿ, ತಾನು ಮಾಡಿದ್ದು ಸರಿಯೇ ಎಂದು ಅವಳಿಗೂ ಅನುಮಾನ ಬರುತ್ತಿತ್ತು. ಆದರೂ ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ.

ಕೋರ್ಟಿನಲ್ಲಿ ಬೀದಿಯವರ ವಕೀಲರು ಹೇಳಿದರು: ಇಲ್ಲಿ ಯಾವ ನಿಷೇಧವೂ ಇಲ್ಲ. ಬೇಲಿ ಇಲ್ಲ, ಬೋರ್ಡು ಇಲ್ಲ. ಮುಂಚಿತವಾಗಿ ಒಂದು ಮಾತು ತಿಳಿಸಿದರೆ ಸಾಕು. ಊರಿನ ಗೌಡರೇ ಒಪ್ಪಿದ್ದಾರೆ.

ತಿಪ್ಪೇಸ್ವಾಮಿ ಎದ್ದು ನಿಂತರು. ಸರ್ಕಾರದ ಹಣದಲ್ಲಿ ಆದ ರಸ್ತೆಯನ್ನು ಬಳಸಲು ಜಾತಿಯ ಕಾರಣಕ್ಕೆ ಯಾರಿಗೂ ಶರತ್ತು ಹಾಕಕೂಡದು ಎನ್ನುವ ಹದಿನೈದನೆಯ ವಿಧಿಯನ್ನು ಓದಿದರು. ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಕೂಡದು ಎನ್ನುವ ಹದಿನೇಳನೆಯ ವಿಧಿಯನ್ನು ಓದಿದರು. ಆಮೇಲೆ ಪುಸ್ತಕ ಮುಚ್ಚಿ ಹೇಳಿದರು: ಈ ಊರಿನಲ್ಲಿ ಕೆಲವರು ಸತ್ತರೆ ತಿಳಿಸಬೇಕು, ಕೆಲವರು ಸತ್ತರೆ ತಿಳಿಸಬೇಕಾಗಿಲ್ಲ. ಆ ರೂಪ ಇದೇ, ಸ್ವಾಮಿ.

ತೀರ್ಪು ಬಂತು. ರಸ್ತೆ ಎಲ್ಲರದು, ಅದರಲ್ಲಿ ಹೋಗಲು ಯಾರೂ ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿಲ್ಲ ಎಂದು ಅದರಲ್ಲಿತ್ತು. ಯಾರಾದರೂ ತಡೆದರೆ ಅಧಿಕಾರಿಗಳು ಉತ್ತರ ಕೊಡಬೇಕು ಎಂದೂ ಇತ್ತು.

ಆ ವರ್ಷ ಕೇರಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಪೊಲೀಸರು ಬಂದರು. ತಿಪ್ಪೇಸ್ವಾಮಿಯೂ ಬಂದರು. ಚಟ್ಟ ಬೀದಿಗೆ ಬಂದಾಗ ಎರಡೂ ಕಡೆ ಬಾಗಿಲುಗಳು ಮುಚ್ಚಿಕೊಂಡವು. ಒಂದು ಬಾಗಿಲು ಮಾತ್ರ ತೆರೆದಿತ್ತು. ಗೌಡರು ಜಗಲಿಯಿಂದ ಇಳಿದು ಬಂದು, ಹಿಂದೆ ಹೇಳಿದ್ದಂತೆಯೇ ಚಟ್ಟದ ಮುಂದೆ ನಿಂತರು.

ಹೊನ್ನೂರಮ್ಮ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: “ಮುಂದೆ ಬ್ಯಾಡ ಗೌಡ್ರೆ. ಜತೇಲಿ ಬರ್ರಿ.”

ಗೌಡರು ಪಕ್ಕಕ್ಕೆ ಸರಿದು ನಿಂತರು. ಹೆಣ ಅವರನ್ನು ದಾಟಿ ಹೋಯಿತು. ಅವರು ಅದರ ಜೊತೆ ಹೋಗಲಿಲ್ಲ. ಮನೆಯೊಳಗೂ ಹೋಗಲಿಲ್ಲ.

ಸೇತುವೆಯ ಮೇಲೆ ಹೊನ್ನೂರಮ್ಮ ಹಿಂದೆ ಉಳಿದಳು. ಕಂಬಿ ಹಿಡಿದು ಕೆಳಗಿನ ನೀರನ್ನು ನೋಡಿದಳು. ಗಂಡ ಸತ್ತಾಗಲೂ ಅಷ್ಟು ಅತ್ತಿರದವಳು ಅಲ್ಲಿ ಅತ್ತಳು. ಅವಳ ಮೈದುನ ಹೋಗಿ ಪಕ್ಕದಲ್ಲಿ ನಿಂತುಕೊಂಡ.

ಮುಂದಿನ ಸಾವುಗಳಿಗೂ ಕೆಲವು ಸಲ ಪೊಲೀಸರು ಬಂದರು. ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಬೀದಿಯವರು ಬಾಗಿಲು ಮುಚ್ಚುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಅವರ ಮನಸ್ಸು ಬದಲಾಯಿತೋ, ಬೇಸರವಾಯಿತೋ, ತಿಳಿಯದು. ಕೇರಿಯ ಹೆಣಗಳು ಈಗ ಸೇತುವೆಯ ಮೇಲೆ ಹೋಗುತ್ತವೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಆದರೆ ಗುರುಗಳೇ, ಆ ಗೌಡರು ಸತ್ಯವಂತರು. ರಾಜಿಗೆ ಒಪ್ಪಿದ್ದರೆ ಕೊಟ್ಟ ಮಾತನ್ನು ಕಡೆಯವರೆಗೂ ಉಳಿಸಿಕೊಳ್ಳುತ್ತಿರಲಿಲ್ಲವೇ?”

“ಮಾತನ್ನೂ ಉಳಿಸಿಕೊಳ್ಳುತ್ತಿದ್ದರು, ಬೀದಿಯನ್ನೂ ತಮ್ಮ ಕೈಯಲ್ಲೇ ಉಳಿಸಿಕೊಳ್ಳುತ್ತಿದ್ದರು” ಎಂದರು ಗುರುಗಳು.