ಮೇಲಿನ ಮೆಟ್ಟಿಲಲ್ಲಿ ಬಿಟ್ಟ ಹಾವುಗೆ

ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ ಮಾಯಿದೇವ ತನ್ನ ಸಹಪಾಠಿ ಚಾವಣ್ಣನನ್ನು ಹಿಂದಿನಿಂದ ನೂಕಿದ. ಹೊಳೆಗಿಳಿಯುವ ಕೊನೆಯ ಮೆಟ್ಟಿಲಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದ ಚಾವಣ್ಣನ ತಲೆ ಕಲ್ಲಿಗೆ ಬಡಿಯಿತು. ಅಲ್ಲೇ ಸತ್ತ.

ವಿಚಾರಣೆಗೆ ಧರ್ಮಾಧಿಕಾರಿ ನಾಳೆ ಬರುವವನಿದ್ದ. ಸಿಟ್ಟಿನ ಭರದಲ್ಲಿ ಕೈಮೀರಿ ಆದದ್ದಾದರೆ ಗಡೀಪಾರು, ಬೇಕೆಂದೇ ಕೊಂದದ್ದಾದರೆ ಶೂಲ. ಗುರು ಸೋಮರಾಶಿಗಳು ಹೇಳಿದಂತೆ ತೀರ್ಪು ಎಂದು ಅವನು ಹೇಳಿಕಳಿಸಿದ್ದ.

ಗುರುಗಳ ಮುಂದೆ ಮಾಯಿದೇವ ತಲೆ ತಗ್ಗಿಸಲಿಲ್ಲ. ಅಂಥ ಸೊಕ್ಕು ಅವನದು. ನೀನು ಬರೆದದ್ದೆಲ್ಲ ಕದ್ದದ್ದು ಎಂದು ಚಾವಣ್ಣ ಎಲ್ಲರೆದುರು ಹಂಗಿಸಿದ, ಮೈ ಉರಿಯಿತು, ಓಡಿಬಂದು ನೂಕಿದೆ, ಅಷ್ಟೇ ಎಂದ.

“ಕೊಲ್ಲುವ ಮನಸ್ಸು ನನಗಿರಲಿಲ್ಲ. ಇತ್ತು ಎನ್ನುವವರು ನನ್ನ ಎದೆ ಬಗೆದು ತೋರಿಸಲಿ.”

ಗುರುಗಳು ಅವನನ್ನು ಮೆಟ್ಟಿಲುಗಳ ತುದಿಗೆ ಕರೆದೊಯ್ದು, ಅವನ ಮರದ ಹಾವುಗೆಗಳನ್ನು ಮುಂದಿಟ್ಟರು. ಮೆಟ್ಟಿಕೊಂಡು ಹೊಳೆಗೆ ಇಳಿ ಎಂದರು.

ಇಳಿದ. ಟಕ್ ಟಕ್ ಸದ್ದಿಗೆ, ಕೆಳಗೆ ನೀರು ತುಂಬುತ್ತಿದ್ದ ಅಡುಗೆಯ ನಾಗಕ್ಕ ಅವನು ಮೂರನೇ ಮೆಟ್ಟಿಲಲ್ಲಿರುವಾಗಲೇ ತಿರುಗಿ ನೋಡಿದಳು.

“ಚಾವಣ್ಣ ಯಾಕೆ ತಿರುಗಲಿಲ್ಲ?” ಎಂದರು ಗುರುಗಳು.

ಮಾಯಿದೇವ ತಡವರಿಸಲಿಲ್ಲ. ಅಂದು ಬರಿಗಾಲಲ್ಲಿದ್ದೆ ಎಂದ. ಹಾವುಗೆ ಬಿಟ್ಟೇ ಹೊಳೆ ಮುಟ್ಟಬೇಕೆಂದು ಕಟ್ಟಳೆ ಮಾಡಿದವರು ನೀವೇ ಅಲ್ಲವೇ ಎಂದು ತಿರುಗಿ ಕೇಳಿದ.

“ಹೌದು. ಎಲ್ಲಿ ಬಿಡುತ್ತೇವೆ?”

“ನೀರಿನಂಚಿನ ಮೆಟ್ಟಿಲಲ್ಲಿ.”

“ನಿನ್ನವು ನನಗೆ ಸಿಕ್ಕಿದ್ದು ಇಲ್ಲಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ. ನೀನೇ ಜೋಡಿಸಿಟ್ಟಿದ್ದೆ.”

ಮಾಯಿದೇವನ ಮುಖ ಬಿಳಿಚಿತು. ಹಟ ಮಾತ್ರ ಇಳಿಯಲಿಲ್ಲ.

“ಮಗನ ಹಾಗೆ ಸಾಕಿದಿರಿ. ನಾಳೆ ಈ ಮರದ ತುಂಡುಗಳ ಮಾತು ಹೇಳಿ ನನ್ನನ್ನು ಶೂಲಕ್ಕೇರಿಸುತ್ತೀರಾ, ಗುರುಗಳೇ?”

ಮುದುಕರ ಕಣ್ಣು ತುಂಬಿತು. ಏಳು ವರ್ಷದವನಾಗಿ ಬಂದ ಅವನಿಗೆ ಮೊದಲ ಜೊತೆ ಹಾವುಗೆ ಕೆತ್ತಿಕೊಟ್ಟವರು ಅವರೇ. ಕಣ್ಣು ಒರೆಸಿಕೊಳ್ಳಲಿಲ್ಲ, ಅವನ ಮುಖದಿಂದ ನೋಟ ತೆಗೆಯಲೂ ಇಲ್ಲ.

“ಇಪ್ಪತ್ತೆರಡು ಮೆಟ್ಟಿಲು, ಮಾಯಿದೇವ. ಅಷ್ಟನ್ನೂ ನೀನು ಸದ್ದಿಲ್ಲದೆ ಇಳಿದೆ. ಒಂದರ ಮೇಲಾದರೂ ಹಿಂಜರಿದು ನಿಂತಿದ್ದರೆ, ನಾಳೆ ನಿನ್ನ ಪರವಾಗಿ ಹೇಳಲು ನನಗೊಂದು ಮಾತಿರುತ್ತಿತ್ತು.”